ಹಾಡು ಸಾರುವ ಲಾಲ ಅಹ್ಮದ

ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಲಾಲ ಅಹ್ಮದನ ಮುಖ ಗುರುತಿದ್ದವರು ಕಡಿಮೆ, ದನಿ ಗುರುತಿಲ್ಲದವರು ಯಾರೂ ಇರಲಿಲ್ಲ. ಸಣಕಲು ಆಳು. ತೊಗರಿ ಚೀಲ ಹೊತ್ತ ಹಮಾಲರ ನಡುವೆ ನಿಂತರೆ ಎಲ್ಲಿ ಹೋದನೆಂದು ಹುಡುಕಬೇಕು. ಬಾಯಿ ತೆರೆದನೋ, ಗಂಜಿನ ಆ ಮೂಲೆಯಲ್ಲಿ ಚಹಾ ಸೋಸುತ್ತಿದ್ದವನೂ ಕೈ ತಡೆದು ಕೇಳುತ್ತಿದ್ದ. ಆಟೋದ ನೆತ್ತಿಗೆ ಮೈಕಿನ ಎರಡು ಭೋಂಗಾ ಕಟ್ಟಿಕೊಂಡು, ಮುಂದೆ ಬರುವ ಹಾಡಿನ ಕಾರ್ಯಕ್ರಮಗಳ ಸುದ್ದಿಯನ್ನು ಬೀದರ, ಭಾಲ್ಕಿ, ಔರಾದಿನ ಹಳ್ಳಿಹಳ್ಳಿಗೆ ಸಾರುವುದೇ ಅವನ ಕಸುಬು. ಅವನ ಅಪ್ಪ ಇದೇ ಕೆಲಸವನ್ನು ಟಾಂಗಾದ ಮೇಲೆ ನಿಂತು, ತಗಡಿನ ತುತ್ತೂರಿ ಹಿಡಿದು ಮಾಡಿದ್ದ. ಉರುಸಿನ ಕವ್ವಾಲಿ, ಭಜನೆಯ ಪಂದ್ಯ, ಭೀಮಜಯಂತಿಯ ಭೀಮಗೀತೆ, ಹೈದರಾಬಾದಿನ ಆರ್ಕೆಸ್ಟ್ರಾ, ಯಾವುದೇ ಇರಲಿ, ಲಾಲ ಅಹ್ಮದ ಸಾರಿದನೆಂದರೆ ಜನ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು.

ಅವನಿಗೊಂದು ಹಟವಿತ್ತು. ತಾನು ಕೇಳದ ಹಾಡನ್ನು ಸಾರುತ್ತಿರಲಿಲ್ಲ. "ಮೊದಲ ನನ್ನ ಕಿವಿ ಒಪ್ಪಬೇಕ್ರಿ, ಆಮ್ಯಾಲ ಬಾಯಿ" ಎನ್ನುತ್ತಿದ್ದ. ಮನ್ನಳ್ಳಿಗೆ ಬಂದ ಕವ್ವಾಲನೊಬ್ಬ ಸಾರುವವನ ಮುಂದೆ ಹಾಡಲು ಒಪ್ಪದಿದ್ದಾಗ, ಅವನು ರಿಯಾಜು ಮಾಡುವ ಕೋಣೆಯ ಕಿಟಕಿಯ ಕೆಳಗೆ ಬಿಸಿಲಲ್ಲಿ ಕೂತು ಕೇಳಿ ಬಂದಿದ್ದ. ಕಿವಿಗೆ ಹಿಡಿಸದ ಆರ್ಕೆಸ್ಟ್ರಾದವರನ್ನು ಗಂಜಿನ ನಡುರಸ್ತೆಯಲ್ಲೇ ವಾಪಸು ಕಳಿಸಿದ್ದ. ಹೆಂಡತಿ ಕುಬರಾ ಹಣೆ ಚಚ್ಚಿಕೊಂಡಳು.

"ಒದರ್ಕೋತ ತಿರಗಾಂವಗ ಇಷ್ಟು ನಖರಾ ಯಾಕ್ರಿ? ನವಾಬರ ಮನ್ಯಾಗ ಹುಟ್ಟೀರಿ ಏನು?"

ಲಾಲ ಅಹ್ಮದ ಮೀಸೆ ತಿರುವಿ ನಕ್ಕ. ಮೀಸೆಯೂ ಅಷ್ಟಕ್ಕಷ್ಟೇ ಇತ್ತೆನ್ನಿ.

ಆಮೇಲೆ ಮಳೆ ಕೈಕೊಟ್ಟಿತು. ಒಂದು ವರ್ಷವಾದರೆ ಹೇಗೋ ಸಹಿಸಬಹುದಿತ್ತು, ಅದು ಮೇಲಿಂದ ಮೇಲೆ ಕೈಕೊಟ್ಟಿತು. ಲಾತೂರಿಗೆ ರೈಲಿನಲ್ಲಿ ನೀರು ತಂದ ಆ ಬೇಸಿಗೆಯ ಹೊತ್ತಿಗೆ ಔರಾದಿನ ಕಡೆ ಬೋರುಗಳು ಬರೀ ಗಾಳಿ ಉಗುಳುತ್ತಿದ್ದವು. ಗಟ್ಟಿಮುಟ್ಟಾದವರೆಲ್ಲ ಪುಣೆ, ಮುಂಬೈ, ಹೈದರಾಬಾದೆಂದು ಊರು ಬಿಟ್ಟರು. ಮನೆಗಳಿಗೆ ಬೀಗ, ಅಂಗಳಕ್ಕೆ ದೂಳು. ಅಂಥ ಊರಿನಲ್ಲಿ ಹಾಡು ಯಾರಿಗೆ ಬೇಕು? ಕವ್ವಾಲಿಯೂ ನಿಂತಿತು, ಭಜನೆಯೂ ನಿಂತಿತು. ಲಾಲ ಅಹ್ಮದನ ಭೋಂಗಾದಲ್ಲಿ ಗುಬ್ಬಿ ಗೂಡು ಕಟ್ಟುವುದೊಂದು ಬಾಕಿ.

ಆಗ ಟ್ಯಾಂಕರಿನ ಗುತ್ತಿಗೆ ಹಿಡಿದವನೊಬ್ಬ ಅವನನ್ನು ಕರೆದ. ನೀರಿನ ಟ್ಯಾಂಕರು ಎಂದು ಬರುತ್ತದೋ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಹೊರಟ ಕೂಡಲೇ ಮುಂದೆ ಹೋಗಿ ಓಣಿಓಣಿಗೆ ಕೂಗಿ ಹೇಳುವ ಆಳು ಬೇಕಾಗಿತ್ತು. ಹೊಟ್ಟೆ ಕೇಳಬೇಕಲ್ಲ, ಲಾಲ ಅಹ್ಮದ ಒಪ್ಪಿದ. "ಅಕ್ಕೋರೆ, ಅಣ್ಣೋರೆ, ಕಿವಿ ಇಕಡಿ ಕೊಡ್ರಿ!" ಎಂದು ಹಾಡಿನ ಕಾರ್ಯಕ್ರಮಕ್ಕೆ ಕೂಗುತ್ತಿದ್ದ ಅದೇ ಕೂಗನ್ನು ನೀರಿಗೂ ಕೂಗಿದ. ಅವನಿಗೆ ಬೇರೆ ಕೂಗು ಗೊತ್ತಿರಲಿಲ್ಲ. ಮೊದಲು ಆ ದನಿಗೆ ಜನ ನಗುತ್ತ ಬಾಗಿಲಿಗೆ ಬರುತ್ತಿದ್ದರು, ಈಗ ಕೊಡ ಎತ್ತಿಕೊಂಡು ಓಡಿ ಬಂದರು. ಒಬ್ಬರನ್ನೊಬ್ಬರು ತಳ್ಳಿದರು, ಬೈದುಕೊಂಡರು, ಕೂದಲು ಹಿಡಿದು ಎಳೆದಾಡಿದರು. ಟ್ಯಾಂಕರಿನ ಹಿಂದೆ ಕೆಸರಾದ ಜಾಗದಲ್ಲಿ ಮುದುಕಿಯರು ಜಾರಿ ಬಿದ್ದರು. ಲಾಲ ಅಹ್ಮದ ಆಟೋದಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ. ಆ ಕೆಲಸವನ್ನು ಅವನು ಮನಸಾರೆ ದ್ವೇಷಿಸಿದ. ದ್ವೇಷಿಸುತ್ತಲೇ ಮಾಡಿದ.

ಹೀಗಿರುವಾಗ ಭಾಲ್ಕಿಯ ಗೋರಖನಾಥ ಅವನನ್ನು ಹುಡುಕಿಕೊಂಡು ಗಂಜಿಗೆ ಬಂದ. ಹೈದರಾಬಾದಿನಲ್ಲಿ ಸಂಗೀತದ ಕಾರ್ಯಕ್ರಮ ಏರ್ಪಡಿಸುವ ಮಂಡಳಿಯೊಂದರಲ್ಲಿದ್ದ ಹುಡುಗ. ಊರೆಲ್ಲ ಸುಡುಗಾಡಿನ ಹಾಗಾಗಿದೆ, ಒಂದು ಸಂಜೆಯಾದರೂ ಜನ ನಗಲಿ ಎಂಬ ಆಸೆ ಅವನದು. ಔರಾದಿನಲ್ಲಿ ಮೊದಲು, ಆಮೇಲೆ ಭಾಲ್ಕಿ, ಕೊನೆಗೆ ಬೀದರ, ಹೀಗೆ ಮೂರು ಸಂಜೆಯ ಲೈವ್ ಸಂಗೀತ. ಜನಪದ, ಅಮೆರಿಕಾನಾ, ಪಂಕ್ ರಾಕ್.

"ನಡೂಕಿಂದು ಏನಪಾ?" ಎಂದ ಲಾಲ ಅಹ್ಮದ.

"ಅಮೆರಿಕಾದ ಹಳ್ಳಿ ಮಂದಿ ಪದ ಇರ್ತಾವ ನೋಡ್ರಿ ಚಾಚಾ, ಅವು. ಪಂಕ್ ರಾಕ್ ಅಂದುರ ಸಿಟ್ಟಿನ ಹಾಡು."

"ಕೇಳಸು."

ಹುಡುಗ ಮೊಬೈಲು ಹಿಡಿದ. ಲಾಲ ಅಹ್ಮದ ಚೀಲದ ಮೇಲೆ ಕೂತು ಕಣ್ಣು ಮುಚ್ಚಿದ. ತಂತಿ ಮೀಟುತ್ತ ಯಾರೋ ನಿಧಾನವಾಗಿ ಹಾಡುತ್ತಿದ್ದ. ಮಾತು ತಿಳಿಯಲಿಲ್ಲ. ಮುಗಿಯುವತನಕ ಅಲುಗಾಡದೆ ಕೇಳಿ, "ಇಂವಾ ಊರ ಬಿಟ್ಟಾಂವ ಇದ್ದಾನ" ಎಂದ. ಆಮೇಲೆ ಪಂಕಿನ ಸರದಿ. ಮೊದಲ ಏಟಿಗೇ ಎಗರಿ ಬಿದ್ದ, ಪಕ್ಕದ ಹಮಾಲ ಬಿದ್ದು ಬಿದ್ದು ನಕ್ಕ. ಆದರೂ ಕಿವಿ ತೆಗೆಯಲಿಲ್ಲ. ಕೊನೆಗೆ ಬೆವರು ಒರೆಸಿಕೊಂಡು, "ಇದ್ರಾಗ ಸಿಟ್ಟು ಖರೇ ಅದ. ಸಾರ್ತೇನಿ" ಎಂದ.

ಗೋರಖನಾಥ ಒಂದು ಮಾತು ಸೇರಿಸಿದ. "ಬಾಯಿ ನೋಯಿಸಿಕೋಬ್ಯಾಡ್ರಿ ಚಾಚಾ. ಹೈದರಾಬಾದಿನ್ಯಾಗ ಒಂದು ಹುಡುಗಿ ದನಿ ರೆಕಾರ್ಡ್ ಮಾಡಿಸೇನಿ. ನೀವು ಬರೇ ಹಚ್ಚಿ ತಿರಗ್ರಿ."

ಲಾಲ ಅಹ್ಮದನ ಮುಖ ಕೆಂಪೇರಿತು. "ನಿನ್ನ ರೆಕಾರ್ಡು ನಿನ್ನ ಜೇಬಿನ್ಯಾಗ ಇಟಗೋ. ಲಾಲ ಅಹ್ಮದನ ಆಟೋದಾಗ ಲಾಲ ಅಹ್ಮದನ ದನಿನೇ ಹೋಗತದ."

ಆ ರೆಕಾರ್ಡು ಒಂದನ್ನು ಅವನು ಹಚ್ಚಿಬಿಟ್ಟಿದ್ದರೆ ಎಲ್ಲ ಬೇರೆಯಾಗುತ್ತಿತ್ತು. ಆದರೆ ಟ್ಯಾಂಕರು ಸಾರಿ ಸಾರಿ ಬಾಡಿಹೋದ ಮನುಷ್ಯನಿಗೆ ಮತ್ತೆ ಹಾಡು ಸಾರುವ ಭಾಗ್ಯ ಸಿಕ್ಕಾಗ ಬಾಯಿ ಮುಚ್ಚಿಕೊಂಡು ಕೂರು ಎಂದರೆ ಕೂರುತ್ತಾನೆಯೇ?

ಜನಪದಕ್ಕೆ ಯಾರು ಎಂದು ಗೋರಖನಾಥ ಕೇಳಿದಾಗ ಲಾಲ ಅಹ್ಮದ ಯೋಚಿಸಲೂ ಇಲ್ಲ. ಚಿಂತಾಕಿಯ ಶಾಲುಬಾಯಿ.

ಶಾಲುಬಾಯಿ ಏಕತಾರಿ ಹಿಡಿದು ಬೀಸುವ ಪದ, ಭೀಮನ ಪದ ಹಾಡುತ್ತಿದ್ದ ಬೌದ್ಧರ ಹೆಣ್ಣುಮಗಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹೆರಿಗೆಯಲ್ಲಿ ಕೂಸೂ ಉಳಿಯಲಿಲ್ಲ, ಸೊಂಟವೂ ಉಳಿಯಲಿಲ್ಲ, ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯುತ್ತಿದ್ದಳು. ಕಂಠ ಮಾತ್ರ ಗಟ್ಟಿ. ಮೇಲಿನ ಸ್ವರಕ್ಕೆ ಏರಿದಾಗ ಅದು ಒಂದು ಕಡೆ ಸಣ್ಣಗೆ ಸೀಳುತ್ತಿತ್ತು, ಅಲ್ಲೇ ಲಾಲ ಅಹ್ಮದನ ಎದೆ ಝಲ್ಲೆನ್ನುತ್ತಿತ್ತು. ಜಯಂತಿಯ ಕಾರ್ಯಕ್ರಮಗಳಲ್ಲಿ ಅವಳ ಹೆಸರನ್ನು ಅವನು ಎಳೆದು ಎಳೆದು ಕೂಗುತ್ತಿದ್ದ.

ಅವನು ಚಿಂತಾಕಿಗೆ ಮುಟ್ಟಿದಾಗ ಊರ ಮುಂದೆ ಕೂಲಿಯಾಳುಗಳನ್ನು ಒಯ್ಯುವ ಮುಕಾದಮನ ಲಾರಿ ನಿಂತಿತ್ತು. ಅದೇ ಊರಿನ ಮೀರಾಬಾಯಿಯ ಟೋಳಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಿತ್ತು, ಶಾಲುಬಾಯಿಯೂ ಗಂಟು ಕಟ್ಟಿದ್ದಳು. ಸೊಂಟ ಇಲ್ಲದವಳಿಗೆ ಕಟ್ಟಡದಲ್ಲೇನು ಕೆಲಸ ಎಂದೀರಿ. ಆ ಟೋಳಿಯಲ್ಲಿ ಒಂದು ಪದ್ಧತಿಯಿತ್ತು. ಸ್ಲ್ಯಾಬು ಹಾಕುವ ದಿನ ಹೆಂಗಸರು ಏಣಿಯುದ್ದಕ್ಕೂ ಸಾಲು ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ಮೇಲಕ್ಕೇರಿಸಬೇಕು, ಎಲ್ಲೂ ತಡೆಯುವಂತಿಲ್ಲ. ಒಬ್ಬಳು ಪಕ್ಕದಲ್ಲಿ ನಿಂತು ಪದ ಹೇಳಬೇಕು, ಆ ಪದದ ಏರಿಳಿತಕ್ಕೆ ಕೈಗಳು ಏಳಬೇಕು, ಇಳಿಯಬೇಕು. ಪದ ಹೇಳುವವಳಿಗೆ ಬುಟ್ಟಿ ಇಲ್ಲ. ಅವಳ ಪಾಲಿನ ಭಾರವನ್ನು ಉಳಿದವರು ಹಂಚಿಕೊಂಡು ಹೊರುತ್ತಿದ್ದರು, ಕೂಲಿ ಮಾತ್ರ ಎಲ್ಲರಿಗೂ ಸಮ. ಶಾಲುಬಾಯಿ ಹೊಟ್ಟೆ ಹೊರೆದುಕೊಂಡಿದ್ದು ಹಾಗೆ.

ಲಾಲ ಅಹ್ಮದನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅವನಿಗೆ ಸಿಟ್ಟು.

"ಅಂಥಾ ದನಿ ಸಿಮೆಂಟಿಗಿ ಕೇಳಸ್ತಿ ಏನವ್ವಾ? ಲಾರಿ ಹೋಗ್ಲಿ ಬಿಡು. ಔರಾದಿನ್ಯಾಗ ಸ್ಟೇಜಿನ ಮ್ಯಾಲ ನಿಂತು ಹಾಡು. ಮೈದಾನ ತುಂಬಿತು ಅಂದುರ ಗೋರಖನಾಥ ಹೈದರಾಬಾದ, ಬೆಂಗಳೂರು, ಎಲ್ಲಾ ಕಡಿ ನಿನಗ ಕರಕೊಂಡು ಹೋಗ್ತಾನ. ಮಾತ ಕೊಟ್ಟಾನ."

ಶಾಲುಬಾಯಿ ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. "ತುಂಬತದಂತೀರಾ, ಅಣ್ಣಾ?"

"ನಾ ಸಾರಿದ್ದು ಎಂದರ ಖಾಲಿ ಹೋಗೇದೇನು?"

ಲಾರಿಯ ಮೇಲಿನಿಂದ ಮೀರಾಬಾಯಿ ಒದರಿದಳು. "ಆಕಿ ತಲಿ ಕೆಡಸಬ್ಯಾಡ್ರಿ! ಮುಕಾದಮ ಜಾಗಾ ಹಿಡದು ಇಡಂಗಿಲ್ಲ, ಬ್ಯಾರೆ ಹೆಣಮಗಳಿಗಿ ತುಂಬಿಕೋತಾನ. ನಿಮ್ಮ ಹಾಡಿನ ಸಂತಿ ಮುಗದ ಮ್ಯಾಲ ಆಕಿ ಎಲ್ಲಿಗಿ ಹೋಗಬೇಕು?"

"ತುಂಬಿಕೊಳ್ಲಿ ಬಿಡು" ಎಂದ ಲಾಲ ಅಹ್ಮದ, ಹಗುರವಾಗಿ.

ಶಾಲುಬಾಯಿ ಲಾರಿಯ ಕಡೆ ನೋಡಿದಳು. ಜೀವಮಾನದಲ್ಲಿ ಯಾರೂ ಅವಳಿಗೆ ಬೆಂಗಳೂರಿನ ಮಾತು ಹೇಳಿರಲಿಲ್ಲ. ಗಂಟು ಬಿಚ್ಚಿದಳು. ಮೀರಾಬಾಯಿ ಮುಖ ತಿರುಗಿಸಿ ಕೂತಳು, ಲಾರಿ ಶಾಲುಬಾಯಿಯಿಲ್ಲದೆ ಹೊರಟಿತು.

ಮುಂದಿನ ದಿನಗಳಲ್ಲಿ ಲಾಲ ಅಹ್ಮದನನ್ನು ಹಿಡಿಯುವವರಿರಲಿಲ್ಲ. ಟ್ಯಾಂಕರಿನ ಕೆಲಸಕ್ಕೆ ರಜೆ ಹಾಕಿ, ಆಟೋಕ್ಕೆ ಬಣ್ಣದ ಕಾಗದ ಕಟ್ಟಿ, ಔರಾದಿನ ಸುತ್ತಲಿನ ಹಳ್ಳಿಗಳಲ್ಲಿ ತಿರುಗಿದ. "ಅಕ್ಕೋರೆ, ಅಣ್ಣೋರೆ, ಕಿವಿ ಇಕಡಿ ಕೊಡ್ರಿ! ಶನಿವಾರ ಸಂಜಿಕಿ ಔರಾದ ಮೈದಾನಕ್ಕ ಎಲ್ಲಾರೂ ಬರ್ರಿ! ಅಮೆರಿಕಾದ ಹಳ್ಳಿ ಪದ ಬರ್ಲತ್ತದ, ಸಿಟ್ಟಿನ ಹಾಡು ಬರ್ಲತ್ತದ, ನಮ್ಮ ಚಿಂತಾಕಿ ಶಾಲುಬಾಯಿ ಪದ ಬರ್ಲತ್ತದ!" ಆಟೋದ ಗಡಗಡ ಒಂದು ಕಡೆ, ಬಿಸಿಗಾಳಿ ಇನ್ನೊಂದು ಕಡೆ. ಹೋದ ಊರಲ್ಲೆಲ್ಲ ಜನ ಹೊರಗೆ ಬಂದರು. ಕೈಯಲ್ಲಿ ಕೊಡವಿತ್ತು.

"ಇಂದು ನೀರಲ್ಲವ್ವಾ, ಹಾಡು!" ಎಂದು ಅವನು ನಕ್ಕು ಹೇಳುತ್ತಿದ್ದ. ಹತ್ತಿರವಿದ್ದವರು ಕೇಳಿಸಿಕೊಂಡು ಒಳಗೆ ಹೋದರು. ದೂರದವರಿಗೆ ಶನಿವಾರ, ಔರಾದ ಮೈದಾನ, ಬರ್ರಿ ಎಂಬುದಷ್ಟೇ ಮುಟ್ಟಿತು. ಅವರು ಪಕ್ಕದವರಿಗೆ ಹೇಳಿದರು. ಲಾಲ ಅಹ್ಮದ ಕರೆದನೆಂದರೆ ಏತಕ್ಕೆಂದು ಆ ಸೀಮೆಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಹೊಲದಲ್ಲಿದ್ದ ಮುದುಕ ಮನೆಗೆ ಬಂದು ಹೇಳಿದ, ಮನೆಯವಳು ತವರಿಗೆ ಫೋನು ಹಚ್ಚಿ ಹೇಳಿದಳು, ದೊಡ್ಡ ಟ್ಯಾಂಕರಂತೆ, ಮೈದಾನದಲ್ಲಿ ಹಂಚುತ್ತಾರಂತೆ. ರಾತ್ರಿ ಊಟಕ್ಕೆ ಕೂತಾಗ ಕುಬರಾ ಒಮ್ಮೆ ಕೇಳಿದಳು, "ಮಂದಿ ಕೊಡಾ ಯಾಕ ತರ್ಲತ್ತಾರ್ರಿ?" ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಹೊರಗೆ ಬರುತ್ತಿದ್ದಾರೆ, ಅವನಿಗೆ ಅಷ್ಟು ಸಾಕಾಗಿತ್ತು.

ಶನಿವಾರ ಬಿಸಿಲು ಇಳಿಯುವ ಮೊದಲೇ ಅವನು ಶಾಲುಬಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಔರಾದಿಗೆ ಬಂದ. ಅವಳು ಬಿಳಿ ಸೀರೆ ಉಟ್ಟಿದ್ದಳು. ವೇದಿಕೆ ಸಿದ್ಧವಾಗಿತ್ತು, ಆಳೆತ್ತರದ ಕರಿ ಸ್ಪೀಕರಿನ ಡಬ್ಬಿಗಳು, ಜನರೇಟರಿನ ಗಾಡಿ. ಪಂಕಿನ ತಂಡದ ಹುಡುಗಿಯ ತಲೆ ಗಿಣಿಯ ಹಾಗೆ ಹಸಿರು. ಅವಳು ಶಾಲುಬಾಯಿಗೆ ಕುರ್ಚಿ ತಂದುಕೊಟ್ಟು ಕೈಮುಗಿದಳು. ಅಮೆರಿಕಾನಾ ಹಾಡುವವನು ನರೆಗಡ್ಡದ ಮನುಷ್ಯ, ಬ್ಯಾಂಜೊ ಎಂಬ ವಾದ್ಯ ಹಿಡಿದು ಅವಳ ಎದುರು ನೆಲದ ಮೇಲೆ ಕೂತ. ಹಾಡು ಎಂದು ಸನ್ನೆ ಮಾಡಿದ. ಅವಳು ನಾಚಿಕೆಯಿಂದ ಬೀಸುವ ಪದವೊಂದನ್ನು ಎತ್ತಿಕೊಂಡಳು. ಅವನು ಎರಡು ಸಾಲು ಕೇಳಿ, ಮೂರನೆಯದಕ್ಕೆ ತಂತಿ ಮೀಟಿ ಅವಳ ಜೊತೆ ನಡೆದ. ದನಿ ಮೇಲೇರಿ ಸೀಳುವಲ್ಲಿ ಅವನು ಮೀಟುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಲಾಲ ಅಹ್ಮದನ ಕಣ್ಣಲ್ಲಿ ನೀರು ಬಂತು. ಅಲ್ಲಾ, ನನ್ನ ಬಾಳಿನಲ್ಲಿ ಇಷ್ಟು ಸಾಕು ಎಂದುಕೊಂಡ.

"ಚಾಚಾ, ಮಂದಿ ನೋಡ್ರಿ!" ಎಂದು ಗೋರಖನಾಥ ಕೂಗಿದ.

ಲಾಲ ಅಹ್ಮದ ವೇದಿಕೆಯ ಮೇಲೆ ಓಡಿದ. ಮೈದಾನಕ್ಕೆ ಸೇರುವ ಮೂರೂ ದಾರಿಯಲ್ಲಿ ಜನ ಬರುತ್ತಿದ್ದರು. ದೂಳಿನಲ್ಲಿ ತಲೆಗಳು ಮಾತ್ರ ಕಾಣುತ್ತಿದ್ದವು. ಇಷ್ಟು ಜನ ಈ ಸೀಮೆಯಲ್ಲಿ ಉಳಿದಿದ್ದಾರೆಯೇ ಎನ್ನಿಸುವಷ್ಟು. ಅವನು ಎರಡೂ ಕೈ ಮೇಲೆತ್ತಿ ಶಾಲುಬಾಯಿಯ ಕಡೆ ತಿರುಗಿ ನಕ್ಕ. ಆಮೇಲೆ ದೂಳು ಸ್ವಲ್ಪ ಕೂತಿತು.

ಕೊಡಗಳು. ಹಸಿರು, ಹಳದಿ, ನೀಲಿ ಪ್ಲಾಸ್ಟಿಕ್ಕಿನ ಕೊಡಗಳು, ಎಣ್ಣೆಯ ಡಬ್ಬಿಗಳು, ಬಕೀಟು, ಸೈಕಲ್ಲಿಗೆ ಜೋತುಬಿದ್ದ ಕ್ಯಾನುಗಳು. ಚಾಪೆ ಒಬ್ಬರ ಕೈಯಲ್ಲೂ ಇರಲಿಲ್ಲ. ಮುಂದೆ ಬಂದವರು ವೇದಿಕೆಯ ಬುಡಕ್ಕೆ ಕೊಡಗಳನ್ನು ಸಾಲಾಗಿ ಇಟ್ಟರು, ಹಿಂದಿನವರು ಅದರ ಹಿಂದೆ. ಇಟ್ಟು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕಾಯತೊಡಗಿದರು.

ನಮ್ಮ ಕಡೆ ನೀರಿಲ್ಲದವರು ಖಾಲಿ ಕೊಡ ಹಿಡಿದು ಪ್ರತಿಭಟನೆಗೆ ಕೂರುವುದು ಹೊಸದೇನಲ್ಲ. ಬಂದೋಬಸ್ತಿಗಿದ್ದ ಅಧಿಕಾರಿಯೂ ಹಾಗೆಯೇ ತಿಳಿದ. ಜನ ಸಾಯುತ್ತಿರುವಾಗ ಕುಣಿತವೇಕೆಂದು ಊರೇ ಎದ್ದು ಬಂದಿದೆ ಎಂದು ಅವನು ಬೆವೆತು, ಗೋರಖನಾಥನ ರಟ್ಟೆ ಹಿಡಿದ. "ಬಂದ್ ಮಾಡ್ರಿ ಇದು! ದಂಗಿ ಆತು ಅಂದುರ ಯಾರ ಮ್ಯಾಲ ಬರತದ?"

"ಅವ್ರಿಗಿ ತಿಳದಿಲ್ಲ ಸಾಹೇಬ್ರ" ಎಂದ ಲಾಲ ಅಹ್ಮದ. "ಗಲತಿ ಆಗೇದ. ನಾ ಹೇಳ್ತೇನಿ. ನನ್ನ ಮಾತ ಕೇಳ್ತಾರ."

ಅವನು ಮೈಕಿಗೆ ಬಾಯಿಟ್ಟ. ಆಳೆತ್ತರದ ಡಬ್ಬಿಗಳಿಂದ ಅವನ ದನಿ ಮೈದಾನದ ಕೊನೆಯತನಕ ಹೊರಟಿತು.

"ಅಕ್ಕೋರೆ, ಅಣ್ಣೋರೆ, ಕಿವಿ ಇಕಡಿ ಕೊಡ್ರಿ—"

ಮೈದಾನ ಒಮ್ಮೆಲೇ ಎದ್ದಿತು. ಬಂತು ಬಂತು ಎಂಬ ಕೂಗು. ಹಿಂದಿನವರು ಮುಂದಿನವರ ಮೇಲೆ ಬಿದ್ದರು, ಸಾಲು ಹರಿಯಿತು, ಕೊಡದ ಮೇಲೆ ಕೊಡ ಉರುಳಿ ಕಾಲಡಿಯಲ್ಲಿ ಒಡೆದವು. "ನೀರಿಲ್ರಿ! ನೀರು ಬಂದಿಲ್ಲ! ಹಾಡು ಅದ, ಬರೇ ಹಾಡು!" ಎಂದು ಅವನು ಅರಚಿದ. ಅರಚಿದಷ್ಟೂ ಜನ ನುಗ್ಗಿದರು. ಆ ದನಿ ಏನು ಹೇಳುತ್ತಿದೆಯೆಂದು ಯಾರೂ ಕೇಳುತ್ತಿರಲಿಲ್ಲ, ಅದು ಯಾರ ದನಿಯೆಂಬುದೇ ಸಾಕಾಗಿತ್ತು. ಅಧಿಕಾರಿ ಅವನ ಕೈಯಿಂದ ಮೈಕು ಕಸಿದ, ಜನರೇಟರು ನಿಂತಿತು. ಹಸಿರು ತಲೆಯ ಹುಡುಗಿ ತಡೆಯಲಾರದೆ ತಮ್ಮ ಕುಡಿಯುವ ನೀರಿನ ಕ್ಯಾನುಗಳನ್ನು ಹೊತ್ತು ತಂದು ವೇದಿಕೆಯ ಅಂಚಿಗಿಟ್ಟಳು. ಎಳೆದಾಟದಲ್ಲಿ ಅವು ಮಗುಚಿದವು. ಒಬ್ಬ ಮುದುಕಿ ಮಂಡಿಯೂರಿ, ದೂಳು ಕುಡಿಯುವ ಮುನ್ನ ನೀರನ್ನು ಅಂಗೈಯಿಂದ ಬಳಿದು ಬಕೀಟಿಗೆ ಹಾಕುತ್ತಿದ್ದಳು. ಅವಳನ್ನು ಯಾರೂ ಎಬ್ಬಿಸಲಿಲ್ಲ.

ಪೊಲೀಸರು ಲಾಠಿ ಬೀಸಲಿಲ್ಲ, ಬೀಸುವ ಅಗತ್ಯವೂ ಬೀಳಲಿಲ್ಲ. ನೀರಿಲ್ಲವೆಂದು ತಿಳಿದ ಮೇಲೆ ಜನ ತಮ್ಮ ತಮ್ಮ ಕೊಡ ಹುಡುಕಿಕೊಂಡು ಹೊರಟರು. ಲಾಲ ಅಹ್ಮದನಿಗೆ ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಬ್ಬ ಹೆಂಗಸು ಹತ್ತಿರ ಬಂದು, "ಹಂಗಾರ ಎಂದ ಬರತದ್ರಿ, ಅಣ್ಣಾ?" ಎಂದು ಕೇಳಿದಳು.

ಭಾಲ್ಕಿ, ಬೀದರಿನ ಕಾರ್ಯಕ್ರಮಗಳನ್ನೂ ನಿಲ್ಲಿಸುವಂತೆ ಮೇಲಿನಿಂದ ಮಾತು ಬಂತು. ಗೋರಖನಾಥ ಶಾಲುಬಾಯಿಯ ಕಾಲು ಮುಟ್ಟಿ, ಮಳೆ ಬಂದ ಮೇಲೆ ನೋಡೋಣ ಎಂದ. ಬ್ಯಾಂಜೊದವನು ಏನೋ ಹೇಳಿದ, ಅದು ಅವಳಿಗೆ ತಿಳಿಯಲಿಲ್ಲ. ಗಾಡಿಗಳು ಹೈದರಾಬಾದಿನ ದಾರಿ ಹಿಡಿದವು. ಆಟೋ ಶಾಲುಬಾಯಿಯನ್ನು ಚಿಂತಾಕಿಗೆ ಮುಟ್ಟಿಸಿತು. ಅವಳು ಮನೆಯ ಮುಂದೆ ಇಳಿದು ಗೋಡೆ ಹಿಡಿದು ನಿಂತಾಗ ಲಾಲ ಅಹ್ಮದ, "ನನಗ ಬೈ ಅವ್ವಾ, ಎಲ್ಡು ಮಾತು ಬೈ" ಎಂದು ಅಂಗಲಾಚಿದ.

"ನಿಮಗೇನ ಬೈಲಿ ಅಣ್ಣಾ. ಆಸಿ ನನಗೂ ಇತ್ತಲ್ಲ" ಎಂದಳು.

ಮನೆಯಲ್ಲಿ ಹಿಟ್ಟಿರಲಿಲ್ಲ. ಮುಂದಿನ ವಾರ ತೆಲಂಗಾಣದ ಕಡೆಯ ಟೋಳಿಯೊಂದು ಭಾಲ್ಕಿ ಸ್ಟೇಷನ್ನಿನಿಂದ ಹೊರಟಿತು, ಅದರ ಮುಕಾದಮ ಆಳು ಸಾಲದೆ ಅವಳನ್ನೂ ಸೇರಿಸಿಕೊಂಡ. ಲಾಲ ಅಹ್ಮದ ಸ್ಟೇಷನ್ನಿಗೆ ಹೋದ. ಟೋಳಿಯವರೆಲ್ಲ ತೆಲುಗಿನವರು. ಶಾಲುಬಾಯಿ ಅವರ ಗಂಟುಗಳ ಪಕ್ಕದಲ್ಲಿ, ಯಾರಿಗೂ ಸೇರದವಳ ಹಾಗೆ ಕೂತಿದ್ದಳು. ಏಕತಾರಿ ತಂದಿರಲಿಲ್ಲ.

"ಇವ್ರಿಗಿ ಹೇಳೀದೇನು, ನೀ ಪದ ಹಾಡಾಕಿ ಅಂತ?"

"ಹೇಳ್ದೆ. ನಕ್ಕರು. ಇವ್ರಲ್ಲಿ ಹಂಗ ಇಲ್ಲಂತ. ಎಲ್ಲಾರೂ ಹೊರಬೇಕಂತ."

"ಎಲ್ಲಿಗಿ ಹೊಂಟೀರಿ? ಊರ ಹೆಸರು ಹೇಳು."

"ಯಾರಿಗಿ ಗೊತ್ತು. ಬಾಂಬೆ ಕಡಿ ಅಂತಾನ ಮುಕಾದಮ. ನನ್ನ ಬಲ್ಲಿ ಫೋನೂ ಇಲ್ಲ."

ರೈಲು ಬಂತು. ಹತ್ತುವಾಗ ಮೆಟ್ಟಿಲಿಗೆ ಕಾಲೆತ್ತಲಾರದೆ ನಿಂತಳು, ಹಿಂದಿನವರು ತಳ್ಳಿದರು. ಲಾಲ ಅಹ್ಮದ ಕೆಳಗಿನಿಂದ ಆತುಕೊಂಡು ಅವಳನ್ನು ಮೇಲಕ್ಕೆ ಹತ್ತಿಸಿದ. ಅವನ ಕೈಯಾರೆ ಹತ್ತಿಸಿದ.

ಅಲ್ಲಿಂದ ಸ್ವಲ್ಪ ದಿನಕ್ಕೆ, ಗಂಜಿನಲ್ಲಿ ಆಟೋ ನಿಲ್ಲಿಸಿಕೊಂಡು ಕೂತಿದ್ದಾಗ, ಪುಣೆಯಿಂದ ಮೀರಾಬಾಯಿಯ ಫೋನು ಬಂತು. ಹಿಂದೆ ಕಾಂಕ್ರೀಟು ಕಲೆಸುವ ಯಂತ್ರದ ಗದ್ದಲ.

"ಲಾಲ ಅಹ್ಮದಣ್ಣಾ, ಅಂದು ಸಿಟ್ಟಿನ್ಯಾಗ ಮಾತಾಡಿದ್ದೆ, ಮನಸಿನ್ಯಾಗ ಇಟಗೋಬ್ಯಾಡ್ರಿ. ಆಕಿ ಪದ ಇಲ್ದ ನಮ್ಮ ಸಾಲು ನಡೀವಲ್ದು. ಬುಟ್ಟಿ ಬಿದ್ದು ಒಬ್ಬಾಕಿ ಕಾಲು ಜಜ್ಜೇದ. ಮುಕಾದಮನೇ ಹೇಳ್ಯಾನ್ರಿ, ಶಾಲುಬಾಯಿಗಿ ಕರಸ್ರಿ ಅಂತ. ಬುಟ್ಟಿ ಮುಟ್ಟೂದು ಬ್ಯಾಡ, ಬರೇ ನಿಂತು ಪದ ಹೇಳ್ಲಿ. ಆಕಿಗಿ ಹೇಳ್ಬೇಕಂದುರ ಆಕಿ ಬಲ್ಲಿ ಫೋನ್ ಇಲ್ಲ. ನೀವ ಚಿಂತಾಕಿಗಿ ಹೋಗಿ ಮೈಕಿನ್ಯಾಗ ಒಂದು ಮಾತು ಒದರಿ ಬಿಡ್ರಿ. ನಿಮ್ಮ ದನಿ ಕೇಳಿದ್ರ ಓಡಿ ಬರ್ತಾಳ. ಹೇಳ್ತೀರಲ್ಲ?"

"ಹೂಂ" ಎಂದ ಲಾಲ ಅಹ್ಮದ.

"ಲಗೂನ ಹೇಳ್ರಿ. ಆಕಿ ಜಾಗಾ ಖಾಲಿನೇ ಇಟ್ಟೇವಿ."

ಅವನು ಮತ್ತೊಮ್ಮೆ ಹೂಂ ಎಂದ. ಮೀರಾಬಾಯಿ ಫೋನು ಇಟ್ಟಳು.